ದಾನವ್ವನ ಹಸಿ ಸೊಪ್ಪು

ಚೆಂಬೂರಿನ ನಮ್ಮ ಚಾಳಿನ ಹಿಂದೆ, ರೈಲು ಹಳಿಗೂ ಗಟಾರಕ್ಕೂ ನಡುವೆ ಒಂದು ತುಂಡು ಜಾಗವಿತ್ತು. ಹದಿನೈದು ಇಪ್ಪತ್ತು ಸೀರೆ ಹಾಸಿದರೆ ಮುಗಿದುಹೋಗುವಷ್ಟು. ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಕಲ್ಲು, ಒಡೆದ ಹೆಂಚು, ಕಲ್ಲಿದ್ದಲ ಬೂದಿ ತುಂಬಿದ್ದ ಆ ಜಾಗವನ್ನು "ನಮ್ಮ ಹೊಲ" ಎಂದು ಕರೆದವಳು ದಾನವ್ವ ಒಬ್ಬಳೇ. ಕರೆದು ಸುಮ್ಮನಿರಲಿಲ್ಲ. ಎರಡು ವರ್ಷ ಕಲ್ಲು ಹೆಕ್ಕಿದಳು, ಊರಿನಿಂದ ಸೆರಗಿನ ಗಂಟಿನಲ್ಲಿ ತಂದ ಬೀಜ ಚೆಲ್ಲಿದಳು. 1954ರ ಹೊತ್ತಿಗೆ ಅಲ್ಲಿ ಮೆಂತ್ಯ, ಮೂಲಂಗಿ, ಈರುಳ್ಳಿ, ಜೊತೆಗೆ ದಾದರ್ ಮಾರ್ಕೆಟ್ಟಿನಲ್ಲೂ ಸಿಗದ ಹಕ್ಕರಿಕೆ ಸೊಪ್ಪು ಬೆಳೆಯುತ್ತಿದ್ದವು.

ದಾನವ್ವ ವಿಜಾಪುರ ಜಿಲ್ಲೆಯವಳು. ನಲವತ್ತೈದರ ಆಸುಪಾಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಮಕ್ಕಳಿರಲಿಲ್ಲ. ಚಾಳಿನಲ್ಲಿದ್ದ ಅವಳ ಕಡೆಯ ಎಂಟು ಹತ್ತು ಮನೆಗಳೇ ಅವಳ ಸಂಸಾರ. ಆ ಜನ ಸೊಪ್ಪನ್ನು ತಿನ್ನುವ ರೀತಿ ನಮಗೆ, ಅಂದರೆ ಮಂಗಳೂರು ಕಡೆಯವರಿಗೆ, ದೊಡ್ಡ ತಮಾಷೆ. ಕಿತ್ತು, ಬೇರು ಚಿವುಟಿ, ಅಂಗೈ ಮೇಲೆ ಎರಡು ಸಲ ಕೊಡವಿ, ರೊಟ್ಟಿಯ ಜೊತೆ ಹಸಿಹಸಿಯಾಗಿ ಕಚಕಚನೆ ಅಗಿಯುತ್ತಿದ್ದರು. ತೊಳೆಯುವುದೂ ಅಪರೂಪ. "ನೀರಾಗ ಹಾಕಿದ್ರ ತಪ್ಪಲದ ರುಚಿ ನೀರಿಗೆ ಹೋಕ್ಕೈತ್ರಿ" ಎನ್ನುತ್ತಿದ್ದಳು ದಾನವ್ವ. ಸೊಪ್ಪಿಗೆ ಅವರ ಮಾತಿನಲ್ಲಿ ತಪ್ಪಲ. ನನ್ನ ಹೆಂಡತಿ ವಿನೋದಿನಿ ಮನೆಗೆ ಬಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು: "ಎಂತ ಮಾರಾಯ್ರೆ ಇವರು! ಆಡಿನ ಜಾತಿಯಾ?" ದಾನವ್ವ ಕೊಟ್ಟ ಕಟ್ಟನ್ನು ನಾವು ತೆಂಗಿನಕಾಯಿ ಹಾಕಿ ಬೇಯಿಸಿ ಪಲ್ಯ ಮಾಡುತ್ತಿದ್ದೆವು. ಅದನ್ನು ಕಂಡು ಅವಳಿಗೆ ಅಷ್ಟೇ ನಗು.

ಇನ್ನು ನನ್ನ ವಿಷಯ. ನನ್ನ ಹೆಸರು ಮೋನಪ್ಪ. ಪರೇಲಿನಲ್ಲಿ ಕಾಯಿಲೆಗಳನ್ನು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಗಾಜಿನ ತಟ್ಟೆ, ನಳಿಗೆ ತೊಳೆದು ಬೇಯಿಸಿ ಇಡುವ ಕೆಲಸ. ಹತ್ತು ವರ್ಷ ಗಾಜು ತೊಳೆದವನಿಗೆ ಅಲ್ಲಿನ ಗಾಳಿ ತಗಲಿ ತಾನು ಅರ್ಧ ಡಾಕ್ಟರ್ ಎನಿಸಿಬಿಡುತ್ತದೆ. ಚಾಳಿನವರೂ ಹಾಗೇ ನಂಬಿದ್ದರು. ಮಗುವಿಗೆ ಜ್ವರ ಬಂದರೆ, ಹಾಲು ಒಡೆದರೆ ನನ್ನ ಬಾಗಿಲು ತಟ್ಟುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದ ಐಶ್ವರ್ಯ ಅದೊಂದೇ, ನಾನು ಹಗಲೂ ಹಿಡಿದೆ.

ದಾನವ್ವನ ಗಂಡ ಶಂಕ್ರೆಪ್ಪ ಊರ ಗಟಾರದ ನೀರನ್ನು ಶುದ್ಧ ಮಾಡುವ ಒಂದು ಕಾರ್ಖಾನೆಯಲ್ಲಿ ಕೂಲಿ. ಮನೆಮನೆಯ ಪಾಯಖಾನೆಯ ಹೊಲಸೆಲ್ಲ ಅಲ್ಲಿಗೆ ಹರಿದು ಬರುತ್ತದೆ. ನೀರನ್ನು ಬೇರೆ ಮಾಡಿ, ತಳದ ಕೆಸರನ್ನು ಮುಚ್ಚಿದ ದೊಡ್ಡ ತೊಟ್ಟಿಗಳಲ್ಲಿ ವಾರಗಟ್ಟಲೆ ಕೊಳೆಸಿ, ಆಮೇಲೆ ಮರಳು ಹಾಸಿದ, ಒಕ್ಕಲು ಕಣದಂಥ ಅಂಗಳಗಳ ಮೇಲೆ ಹರಡಿ ಬಿಸಿಲಿಗೆ ಒಣಗಿಸುತ್ತಾರೆ. ಒಣಗಿದ್ದನ್ನು ಸಲಿಕೆಯಿಂದ ಎಬ್ಬಿಸಿ ರಾಶಿ ಹಾಕುವುದು ಶಂಕ್ರೆಪ್ಪನ ಕೆಲಸ. 1956ರ ಡಿಸೆಂಬರಿನಲ್ಲಿ ಅವನು ಆ ಗೊಬ್ಬರದ ಒಂದು ಚೀಲವನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಬಂದ. ದಾನವ್ವ ಅದನ್ನು ಮುಟ್ಟಲಿಲ್ಲ. ನೇರ ನನ್ನ ಬಾಗಿಲಿಗೆ ಬಂದಳು.

"ಮೋನಪ್ಪಣ್ಣಾರ, ಒಂದೀಟು ನೋಡಿ ಹೇಳ್ರಿ. ಇದು ಹೊಲಸೇನು, ಮಣ್ಣೇನು? ನಮ್ಮ ಹುಡುಗೂರು ತಿನ್ನೂ ತಪ್ಪಲಕ್ಕ ಹಾಕಾಕಿ ನಾ."

ನಾನು ಹೋಗಿ ಚೀಲದಿಂದ ಒಂದು ಹೆಂಟೆ ಎತ್ತಿಕೊಂಡೆ. ಕಪ್ಪು, ಹಗುರ, ಬಿರುಕು ಬಿಟ್ಟಿತ್ತು. ಮುರಿದೆ, ಮೂಸಿದೆ. ಮೊದಲ ಮಳೆಗೆ ನೆನೆದ ನೆಲದ ವಾಸನೆ. ಡಾಕ್ಟರರು ಕನ್ನಡಕ ಮೇಲೆ ಸರಿಸುವ ಹಾಗೆ ನಾನೂ ಹುಬ್ಬು ಮೇಲೆತ್ತಿ ಹೇಳಿದೆ: "ವಾಸನೆ ಇಲ್ಲ ದಾನಕ್ಕ. ಕೊಳೆತು, ಬಿಸಿಲಲ್ಲಿ ಒಣಗಿ ಮಣ್ಣೇ ಆಗಿದೆ. ಧೈರ್ಯದಲ್ಲಿ ಹಾಕಿ." ಅವಳ ಮುಖ ಅರಳಿತು. ನನಗೂ ಒಂದು ಲೋಟ ಮಜ್ಜಿಗೆ ಸಿಕ್ಕಿತು.

ಆ ತಿಂಗಳ ಕೊನೆಗೆ ಎಳ್ಳಮಾಸಿ ಬಂತು. ವಿಜಾಪುರದ ಕಡೆ ಆ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡಿಗೆಯನ್ನು ಬೆಳೆಯ ಮೇಲೆ ಚೆಲ್ಲಿ ಭೂಮಿತಾಯಿಗೆ ಉಣಿಸಿ, ಅಲ್ಲೇ ಕೂತು ಉಣ್ಣಬೇಕು. ಚರಗ ಚೆಲ್ಲುವುದು ಎನ್ನುತ್ತಾರೆ. ಮುಂಬಯಿಯಲ್ಲಿ ಹೊಲ ಎಲ್ಲಿಂದ ತರುವುದು? ಹಾಗಾಗಿ ಕುರ್ಲಾ, ಬಾಂದ್ರಾದಲ್ಲಿದ್ದ ಊರ ಕಡೆಯವರೂ ಕೆಲಸಕ್ಕೆ ರಜೆ ಹಾಕಿ ದಾನವ್ವನ ಹೊಲಕ್ಕೇ ಬಂದರು. ಇಪ್ಪತ್ತೈದು ಜನ ಆಗಿದ್ದರು. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕಡುಬು. ಜೊತೆಗೆ ಆಗಷ್ಟೇ ಕಿತ್ತ ಹಸಿ ಸೊಪ್ಪು. ಗೊಬ್ಬರದ ಗುಣಕ್ಕೆ ಆ ವರ್ಷ ಮೆಂತ್ಯದ ಎಲೆ ಹೊಳೆಯುತ್ತಿತ್ತು.

ಅಲ್ಲಿ ನಾಗವ್ವ ಇದ್ದಳು. ಹತ್ತೊಂಬತ್ತರ ಹುಡುಗಿ, ದಾನವ್ವನ ಊರವಳೇ. ಅವಳನ್ನು ಚಾಳಿನ ಮಿಲ್ ಕೆಲಸದ ಹುಡುಗನಿಗೆ ಗಂಟು ಹಾಕಿಸಿ ಮುಂಬಯಿಗೆ ಕರೆತಂದವಳು ದಾನವ್ವ. "ಅವರವ್ವ ಈಕಿನ್ನ ನನ್ನ ಉಡ್ಯಾಗ ಹಾಕ್ಯಾಳ" ಎಂದು ದಿನಕ್ಕೆರಡು ಸಲ ಹೇಳುತ್ತಿದ್ದಳು. ಅವತ್ತು ರೊಟ್ಟಿಯಲ್ಲಿ ಚಟ್ನಿ ಸವರಿ, ಒಳಗೆ ಹಸಿ ಮೆಂತ್ಯ ಸುತ್ತಿ, ತುತ್ತು ಮಾಡಿ ನಾಗವ್ವನ ಬಾಯಿಗೆ ತಾನೇ ಇಟ್ಟಳು. ಹುಡುಗಿ ಸಾಕು ಸಾಕು ಎಂದರೂ ಬಿಡಲಿಲ್ಲ. ಹಲ್ಲಿಲ್ಲದ ಮುದುಕಿ ರುದ್ರವ್ವನಿಗೆ ಸೊಪ್ಪನ್ನು ಕಲ್ಲಿನಲ್ಲಿ ಜಜ್ಜಿ ಮುದ್ದೆ ಮಾಡಿಕೊಟ್ಟಳು. ನಾನೂ ವಿನೋದಿನಿಯೂ ಕಡುಬು ತಿಂದು ಎದ್ದೆವು.

ಎರಡು ವಾರಕ್ಕೆ ಜ್ವರ ಶುರುವಾಯಿತು. ಮೊದಲು ನಾಗವ್ವ. ಆಮೇಲೆ ಪಕ್ಕದ ಕೋಣೆಯ ಅಣ್ಣತಮ್ಮ ಇಬ್ಬರು, ರುದ್ರವ್ವ, ಕುರ್ಲಾದಿಂದ ಬಂದಿದ್ದ ಒಂದು ಮನೆಯ ಮೂವರು. ಜನವರಿ ಮುಗಿಯುವಷ್ಟರಲ್ಲಿ ಹನ್ನೊಂದು ಜನ. ಸಂಜೆಯಾದರೆ ಏರುವ, ಬೆಳಿಗ್ಗೆಯೂ ಪೂರ್ತಿ ಇಳಿಯದ ಜ್ವರ. ಆಸ್ಪತ್ರೆಯವರು ರಕ್ತ ನೋಡಿ ಟೈಫಾಯ್ಡ್ ಎಂದರು. ನಾಗವ್ವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಅವಳ ದಪ್ಪ ಜಡೆಯ ಕೂದಲು ದಿಂಬಿನ ಮೇಲೆ ಕಂತೆಯಾಗಿ ಉದುರುತ್ತಿತ್ತು. ಜ್ವರದ ಮೂರನೆಯ ವಾರ ರುದ್ರವ್ವನ ಕರುಳು ತೂತಾಗಿ ಅವಳು ಸತ್ತೇ ಹೋದಳು. ಮೊನ್ನೆ ಮೊನ್ನೆ ಹೊಲದಲ್ಲಿ ಕೂತು ಹಾಡು ಹೇಳಿದ ಮುದುಕಿ. ನನಗೆ ನಂಬಲಿಕ್ಕೇ ಆಗಲಿಲ್ಲ.

ಚಾಳು ಎಂದರೆ ಗೊತ್ತಲ್ಲ, ಒಂದು ನಲ್ಲಿ, ನೂರು ಬಾಯಿ. ಎಳ್ಳಮಾಸಿಗೆ ಹೋದವರಿಗೇ ಜ್ವರ ಬಂದದ್ದು ಎಲ್ಲರ ಕಣ್ಣಿಗೂ ಬಿತ್ತು. "ದಾನವ್ವನ ಕೈಯಾಗ ವಿಷ ಐತಿ" ಎಂದು ನಲ್ಲಿಯ ಹತ್ತಿರ ಯಾರೋ ಅಂದರು. ಅವಳು ಕೊಡ ಹಿಡಿದು ಬಂದರೆ ಹೆಂಗಸರು ಸರಿದು ನಿಲ್ಲತೊಡಗಿದರು. ಗಟ್ಟಿ ದನಿಯವಳು ಮೂಕಿಯಾದಳು. ದಿನವೂ ಆಸ್ಪತ್ರೆಗೆ ಹೋಗಿ ನಾಗವ್ವನ ಕಾಲ ಬಳಿ ಕೂತು ಬರುತ್ತಿದ್ದಳು. ಒಂದು ದಿನ ನನ್ನ ಬಾಗಿಲಲ್ಲಿ ನಿಂತು ಕೇಳಿದಳು: "ಅಣ್ಣಾರ, ನಾ ಉಣಿಸಿದ್ದರಿಂದ ಆತೇನ್ರಿ ಇದು? ಖರೇ ಹೇಳ್ರಿ. ಆ ಹುಡುಗಿ ಸತ್ರ ನಾ ಅವರವ್ವಗ ಏನಂತ ಮುಖ ತೋರಿಸಲಿ?"

ಕಾಯಿಲೆ ಇಲ್ಲದೆಯೂ ಟೈಫಾಯ್ಡಿನ ಕ್ರಿಮಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡುವವರು ಇರುತ್ತಾರೆ. ಅಂಥವರು ಅಡಿಗೆ ಮಾಡಿದರೆ ಉಂಡವರಿಗೆ ತಗಲುತ್ತದೆ. ನಮ್ಮ ಲ್ಯಾಬಿನ ದೊಡ್ಡ ಡಾಕ್ಟರರಿಗೂ ಮೊದಲು ಆ ಅನುಮಾನವೇ ಬಂತು. ದಾನವ್ವನನ್ನು ಮೂರು ಸಲ ಪರೀಕ್ಷೆ ಮಾಡಿದರು. ಏನೂ ಸಿಗಲಿಲ್ಲ. ನಲ್ಲಿಯ ನೀರು, ಹಾಲು ನೋಡಿದರು. ಅದರಲ್ಲೂ ಇಲ್ಲ. ನಾನು ಸಂತೋಷದಿಂದ ಓಡಿಬಂದು ದಾನವ್ವನಿಗೆ, "ನಿಮ್ಮ ಕೈ ಶುದ್ಧ" ಎಂದೆ. ಅವಳು ನಕ್ಕಳು, ಆದರೆ ಅರ್ಧಕ್ಕೇ ನಿಲ್ಲಿಸಿ ಕೇಳಿದಳು, "ಮತ್ತ ನನ್ನ ಹೊಲ?"

ಆ ಮಾತು ನನ್ನನ್ನು ಬಿಡಲಿಲ್ಲ. ಮರುದಿನ ಲ್ಯಾಬಿನಲ್ಲಿ ಗಾಜು ತೊಳೆಯುತ್ತ ಎಳ್ಳಮಾಸಿಗೆ ಬಂದಿದ್ದ ಇಪ್ಪತ್ತೈದು ಜನರನ್ನು ಒಬ್ಬೊಬ್ಬರಾಗಿ ನೆನಪಿಸಿಕೊಂಡೆ. ನಾವಿಬ್ಬರು ಚೆನ್ನಾಗಿದ್ದೆವು. ಕಹಿ ಎಂದು ಸೊಪ್ಪು ಉಗುಳಿದ್ದ ಪುಟ್ಟ ಮಕ್ಕಳು ಚೆನ್ನಾಗಿದ್ದವು. ಅದೇ ದಿನ ಅದೇ ಹೊಲದ ಎರಡು ಕಟ್ಟು ಮೆಂತ್ಯ ಒಯ್ದು ಭಾಜಿ ಬೇಯಿಸಿ ತಿಂದಿದ್ದ ಪಕ್ಕದ ಮರಾಠಿ ಮನೆಯವರು ಐದೂ ಜನ ಚೆನ್ನಾಗಿದ್ದರು. ಜ್ವರ ಬಂದ ಹನ್ನೊಂದು ಜನರೂ ಹಸಿ ತಿಂದವರು. ಕೈಯಲ್ಲಿದ್ದ ತಟ್ಟೆಯನ್ನು ಸಾಬೂನಿನ ನೀರಿಗೇ ಬಿಟ್ಟೆ. ಆ ಹೆಂಟೆಯನ್ನು ಮೂಸಿ "ಧೈರ್ಯದಲ್ಲಿ ಹಾಕಿ" ಅಂದವನು ನಾನಲ್ಲವೇ?

ಡಾಕ್ಟರರಿಗೆ ಹೇಳಿದೆ, ನನ್ನ ಮೂಸುವಿಕೆಯ ಸಂಗತಿಯೊಂದನ್ನು ಬಿಟ್ಟು. ಅವರು ತಕ್ಷಣ ಬೇಯಿಸಿದ ಮೂರು ಬಾಟಲಿ ಕೊಟ್ಟು, "ಹೊಲದ ಮಣ್ಣು, ಚೀಲದಲ್ಲಿ ಉಳಿದ ಗೊಬ್ಬರ, ಕಾರ್ಖಾನೆಯ ಕಣದ ಗೊಬ್ಬರ, ಎಲ್ಲ ತಾ" ಎಂದು ಕಳಿಸಿದರು.

ಶಂಕ್ರೆಪ್ಪನ ಜೊತೆ ಕಾರ್ಖಾನೆಗೆ ಹೋದೆ. ಕಣಗಳು ಸಾಲಾಗಿ ಬಿಸಿಲಿಗೆ ಬಿದ್ದಿದ್ದವು. ಗೋಡೆಯ ಮೇಲೊಂದು ಬೋರ್ಡಿತ್ತು: ಒಣಗಿದ ಮೇಲೂ ತಿಂಗಳುಗಟ್ಟಲೆ ರಾಶಿ ಹಾಕಿಡದೆ ಯಾರೂ ಒಯ್ಯಬಾರದು, ಹಸಿಯಾಗಿ ತಿನ್ನುವ ಬೆಳೆಗೆ ಹಾಕಲೇಬಾರದು. ಇಂಗ್ಲಿಷಿನಲ್ಲಿ ಬರೆದಿತ್ತು. ಶಂಕ್ರೆಪ್ಪ ಏಳು ವರ್ಷದಿಂದ ಆ ಬೋರ್ಡಿನ ಮೊಳೆಗೇ ತನ್ನ ಅಂಗಿ ನೇತುಹಾಕುತ್ತಿದ್ದ. ಹೊಸ ಕಣದ ಹೆಂಟೆ ಕಪ್ಪಗೆ ಚೆನ್ನಾಗಿ ಕಂಡಿತೆಂದು ಹೆಂಡತಿಗಾಗಿ ಅದನ್ನೇ ಆರಿಸಿ ಒಯ್ದಿದ್ದ.

ಕಣದ ಅಂಚಿನಲ್ಲಿ ಟೊಮ್ಯಾಟೊ ಗಿಡಗಳು ಪೊದೆಯಾಗಿ ಬೆಳೆದು ಕಾಯಿ ಬಿಟ್ಟಿದ್ದವು. "ಯಾರು ಹಾಕಿದ್ದು?" ಎಂದೆ.

"ಯಾರೂ ಹಾಕಿಲ್ರಿ. ತಾವ ಹುಟ್ತಾವ."

"ಬೀಜ ಎಲ್ಲಿಂದ ಬಂತು ಮಾರಾಯ?"

ಶಂಕ್ರೆಪ್ಪ ನಕ್ಕ. "ಮುಂಬೈ ಮಂದಿ ಹೊಟ್ಯಾಗಿಂದ ಬಂದಾವ್ರಿ. ತಿಂದ್ರು, ಹೋದ್ರು, ಗಟಾರದಾಗ ಹರದು ಇಲ್ಲಿಗೆ ಬಂದ್ವು."

ನನಗೆ ನಗು ಬರಲಿಲ್ಲ. ಮನುಷ್ಯನ ಹೊಟ್ಟೆಯ ಹುಳಿ, ಮೈಲುಗಟ್ಟಲೆ ಗಟಾರ, ವಾರಗಟ್ಟಲೆ ತೊಟ್ಟಿಯ ಕೊಳೆತ, ಮೇಲೆ ಈ ಬಿಸಿಲು. ಇಷ್ಟನ್ನೂ ದಾಟಿ ಒಂದು ಟೊಮ್ಯಾಟೊ ಬೀಜ ಬದುಕಿ ಕಾಯಿ ಬಿಡುವುದಾದರೆ, ಜೊತೆಗೆ ಬಂದದ್ದರಲ್ಲಿ ಇನ್ನು ಯಾವುದು ಬದುಕಿಲ್ಲ? ಸಲಿಕೆಯಿಂದ ಒಂದು ಹೆಂಟೆ ಎಬ್ಬಿಸಿದೆ. ಮೇಲೆ ಬೂದಿಯಂತೆ ಒಣಗಿತ್ತು. ಕೆಳಗಿನ ಮೈ ಇನ್ನೂ ತೇವವಾಗಿತ್ತು.

ಫೆಬ್ರುವರಿಯ ಎರಡನೆಯ ವಾರ ಡಾಕ್ಟರರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ನಾನೇ ತೊಳೆದಿಟ್ಟ ತಟ್ಟೆಗಳು. ದಾನವ್ವನ ಮನೆ ಮೂಲೆಯ ಚೀಲದ ಗೊಬ್ಬರದ ತಟ್ಟೆಯಲ್ಲಿ ಕಪ್ಪು ಚುಕ್ಕೆಗಳು ಎದ್ದಿದ್ದವು, ಅಂಚಿನಲ್ಲಿ ಒಂದು ಬಗೆಯ ಲೋಹದ ಹೊಳಪು. ಹೊಲದ ಮಣ್ಣಿನ ತಟ್ಟೆಯಲ್ಲೂ ಅವೇ, ಸ್ವಲ್ಪ ಕಡಿಮೆ. ಆ ಚುಕ್ಕೆಗಳನ್ನು ಬೇರೆ ಬೇರೆ ರೀತಿಯಲ್ಲಿ ಪರೀಕ್ಷಿಸಿ ಆಗಿತ್ತು. ಟೈಫಾಯ್ಡಿನ ಕ್ರಿಮಿಯೇ.

"ಸಾಹೇಬ್ರೆ, ಆ ಚೀಲ ಬಂದು ಎರಡು ತಿಂಗಳಾಯಿತು" ಎಂದೆ.

"ಅದೇ ನೋಡು" ಎಂದರು. ತೊಟ್ಟಿಯಲ್ಲಿ ಕೊಳೆಸಿದಾಗ ಬಹಳಷ್ಟು ಕ್ರಿಮಿ ಸಾಯುತ್ತವೆ, ಬಹಳಷ್ಟು ಎಂದರೆ ಎಲ್ಲವೂ ಅಲ್ಲ ಎಂದು ವಿವರಿಸಿದರು. ವಾಸನೆ ಹೋಗುವುದು ಬೇರೆ, ಕ್ರಿಮಿ ಸಾಯುವುದು ಬೇರೆ. ತೇವ, ನೆರಳು ಸಿಕ್ಕರೆ ಕಾದು ಕೂತಿರುತ್ತವೆ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಇವು ಕಣ್ಣಿಗೆ ಕಂಡಂಥವು. ವೈರಸ್ ಅಂತ ಇನ್ನೊಂದು ಜಾತಿ ಇದೆ, ಪೋಲಿಯೊ ತಂದು ಮಕ್ಕಳ ಕಾಲು ಸೊರಗಿಸುವಂಥದ್ದು, ಕಾಮಾಲೆ ತರುವಂಥದ್ದು. ಅದೂ ಈ ಗೊಬ್ಬರದಲ್ಲಿ ಇದೆಯೋ ಇಲ್ಲವೋ ನೋಡುವ ಸಾಧನ ನಮ್ಮ ಹತ್ತಿರ ಇಲ್ಲ." ಮೇಲಿನವರಿಗೆ ವರದಿ ಹೋಗುವವರೆಗೆ ಹೊರಗೆ ಬಾಯಿ ಬಿಡಬೇಡ ಎಂದು ಅವರು ಎಚ್ಚರಿಸಿದರು.

ಅವತ್ತೇ ನಾಗವ್ವ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಹೊಸ ಮಾತ್ರೆಯ ಪುಣ್ಯದಿಂದ ಜ್ವರ ಬಿಟ್ಟಿತ್ತು. ಮೂಳೆ ಚಕ್ಕಳ, ತಲೆಯ ಮೇಲೆ ನಾಲ್ಕು ಕೂದಲು, ಆದರೆ ಜೀವ ಉಳಿದಿತ್ತು. ಕರುಳು ಇನ್ನೂ ಹುಣ್ಣು, ಒಂದು ತಿಂಗಳು ಗಂಜಿ ಬಿಟ್ಟು ಬೇರೇನೂ ಕೊಡಬಾರದು, ಮರುಕಳಿಸಿದರೆ ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದ್ದರು.

ನಾನು ಸಂಜೆ ಲೋಕಲ್ ಇಳಿದು ಬರುವಾಗ ದಾನವ್ವ ಸ್ಟೇಶನ್ನಿನ ಹೊರಗೇ ಕಾದಿದ್ದಳು. ಆರು ವಾರದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು. ಕೈ ಮುಗಿದಳು. "ಅಣ್ಣಾರ, ಇವತ್ತು ಮಣ್ಣಿಂದು ಗೊತ್ತಾಗ್ತೈತಿ ಅಂದಿದ್ರಿ. ಏನಾತ್ರಿ? ರುದ್ರವ್ವನ್ನ ನಾ ಕೊಂದ್ನೇನ್ರಿ?"

ಏನು ಹೇಳಲಿ? ಸಾಹೇಬರು ಬಾಯಿ ಬಿಡಬೇಡ ಎಂದದ್ದು ಒಂದು ನೆಪ. ಆ ಮುಗಿದ ಕೈಗಳಿಗೆ, ಹೌದು, ನೀನು ಜಜ್ಜಿ ಕೊಟ್ಟ ಸೊಪ್ಪೇ ಎಂದು ಹೇಳಲು ನಾಲಿಗೆ ಏಳಲಿಲ್ಲ. ಹೇಳಿದರೆ ಮುಂದಿನ ಮಾತು, ಹಾಕು ಎಂದವನು ನಾನು, ಎನ್ನಬೇಕಾಗುತ್ತಿತ್ತು. ಹೇಗೂ ಈಗ ಅವಳ ಸೊಪ್ಪನ್ನು ಮುಟ್ಟುವವರೇ ಇಲ್ಲ, ಯಾರಿಗೂ ತೊಂದರೆಯಿಲ್ಲ, ಬಡಪಾಯಿ ಒಂದು ದಿನವಾದರೂ ನಿದ್ದೆ ಮಾಡಲಿ ಎಂದುಕೊಂಡೆ. "ಇಲ್ಲ ದಾನಕ್ಕ" ಎಂದೆ. "ಮಣ್ಣಲ್ಲಿ ಏನೂ ಸಿಗಲಿಲ್ಲ. ನಿಮ್ಮ ಸೊಪ್ಪಿನದು ತಪ್ಪಿಲ್ಲ."

ಅವಳು ರಸ್ತೆಯ ನಡುವೆಯೇ ಕೂತು ಗೊಳೋ ಎಂದು ಅತ್ತಳು. ಟಾಂಗಾದವನು ಗಂಟೆ ಬಾರಿಸಿದರೂ ಏಳಲಿಲ್ಲ. ನಾನು ಪುಣ್ಯದ ಕೆಲಸ ಮಾಡಿದವನಂತೆ ಅವಳನ್ನು ಎಬ್ಬಿಸಿ ಮನೆಗೆ ಕರೆತಂದೆ.

ಬೆಳಿಗ್ಗೆ ಏಳಕ್ಕೆ ಡಬ್ಬಿ ಹಿಡಿದು ಹೊರಟಾಗ ಚಾಳಿನ ಓಣಿಯಲ್ಲಿ ಅವಳ ಹಳೆಯ ದನಿ ಕೇಳಿಸಿತು. "ಮೋನಪ್ಪಣ್ಣಾರ ಹೇಳ್ಯಾರ! ಲ್ಯಾಬಿನ್ಯಾಗ ನೋಡ್ಯಾರ! ನನ್ನ ಹೊಲ ಚೊಕ್ಕ ಐತಿ!" ಬುಟ್ಟಿ ತುಂಬ ಎಳೆ ಮೆಂತ್ಯ. ಆ ಚೀಲದ ಗೊಬ್ಬರವನ್ನೇ ಹಾಕಿ ಎಳ್ಳಮಾಸಿ ಮುಗಿದ ಮೇಲೆ ಚೆಲ್ಲಿದ್ದ ಬೀಜ, ಈಗ ಗೇಣುದ್ದ ಬೆಳೆದಿತ್ತು. ಲ್ಯಾಬಿಗೆ ಮಣ್ಣು ತುಂಬಲು ಹೋದಾಗ ಕಂಡಿದ್ದ ಆ ಸಣ್ಣ ಸಸಿಗಳು ನಿನ್ನೆ ನನಗೆ ನೆನಪೇ ಆಗಿರಲಿಲ್ಲ. ಮನೆಮನೆಯ ಹೊಸ್ತಿಲ ಮೇಲೆ ಒಂದೊಂದು ಕಟ್ಟು ಇಟ್ಟಿದ್ದಳು. ನಿನ್ನೆಯವರೆಗೆ ಅವಳನ್ನು ಕಂಡರೆ ಸರಿಯುತ್ತಿದ್ದ ಹೆಂಗಸರು ನಾಚಿಕೆಯಿಂದ ನಗುತ್ತ ಅದನ್ನು ಎತ್ತಿಕೊಳ್ಳುತ್ತಿದ್ದರು. ಡಬ್ಬಿ ಬಿಸಾಡಿ ನಾಗವ್ವನ ಕೋಣೆಗೆ ಓಡಿದೆ.

ಹುಡುಗಿ ಗೋಡೆಗೆ ಆತು ಕೂತಿದ್ದಳು. ಎಷ್ಟೋ ವಾರಗಳ ಮೇಲೆ ಬಾಯಿಗೆ ರುಚಿ ಬೇಕೆನಿಸಿತ್ತಂತೆ. ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ, ಮೆಂತ್ಯದ ಎರಡು ಎಳೆ ಕುಡಿಯನ್ನು ಅಂಗೈ ಮೇಲೆ ಕೊಡವಿ ಬಾಯಿಯ ಹತ್ತಿರ ಒಯ್ದಿದ್ದಳು. ನಾನು ಅವಳ ಕೈಗೆ ಹೊಡೆದೆ. ಸೊಪ್ಪು ನೆಲಕ್ಕೆ ಬಿತ್ತು. ಹುಡುಗಿ ಬೆಚ್ಚಿ ಚೀರಿದಳು. ಗಂಡಸೊಬ್ಬ ಪರರ ಹೆಂಡತಿಯ ಮೇಲೆ ಕೈ ಮಾಡಿದ ಎಂದು ಬಾಗಿಲಲ್ಲಿ ಜನ ಸೇರಿದರು. ಅವರ ಮುಂದೆ ಖಾಲಿ ಬುಟ್ಟಿ ಹಿಡಿದ ದಾನವ್ವ ನಿಂತಿದ್ದಳು.

"ತಿಂದೆಯಾ? ಒಂದು ಎಲೆಯಾದರೂ ತಿಂದೆಯಾ?" ಎಂದು ನಾನು ಒದರುತ್ತಿದ್ದೆ. ನಾಗವ್ವ ಇಲ್ಲ ಎಂದು ತಲೆಯಾಡಿಸಿದಳು. ಅವಳ ಬಾಯಿ ತೆರೆಸಿ ನೋಡಿದೆ. ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕಪ್ಪು ಚುಕ್ಕೆಗಳದ್ದು, ಚೀಲದ್ದು, ನಾನು ಮೂಸಿ ಹಾಕಿ ಎಂದದ್ದು, ನಿನ್ನೆ ಸ್ಟೇಶನ್ನಿನ ಹತ್ತಿರ ಸುಳ್ಳು ಹೇಳಿದ್ದು. ಹೇಳುತ್ತಿದ್ದಂತೆ ಜನ ಒಬ್ಬೊಬ್ಬರಾಗಿ ಮನೆಗೆ ಓಡಿದರು, ಒಲೆಯ ಬಳಿ, ತಟ್ಟೆಯಲ್ಲಿ ಇಟ್ಟ ಸೊಪ್ಪನ್ನು ಎಸೆಯಲು.

ದಾನವ್ವ ಓಡಲಿಲ್ಲ. ಅಳಲೂ ಇಲ್ಲ. ಬುಟ್ಟಿ ಇಳಿಸಿ, ನೆಲದ ಮೇಲಿನ ಕುಡಿಗಳನ್ನು ಒಂದೊಂದಾಗಿ ಹೆಕ್ಕಿ ಅದರಲ್ಲಿ ಹಾಕಿದಳು. ನಾಗವ್ವನ ಎರಡೂ ಅಂಗೈಯನ್ನು ತನ್ನ ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ, ಚರ್ಮ ಕೆಂಪಾಗುವಷ್ಟು. ಆಮೇಲೆ ನನ್ನ ಕಡೆ ತಿರುಗಿದಳು. ಹನ್ನೆರಡು ವರ್ಷದ ನೆರೆಯಲ್ಲಿ ಅವಳು ನನ್ನನ್ನು ಬಹುವಚನ ಬಿಟ್ಟು ಕರೆದದ್ದು ಅದೇ ಮೊದಲು.

"ರುದ್ರವ್ವಂದು ಗೊತ್ತಿಲ್ದ ಆತು. ಅದನ್ನ ನಾ ಹೊರ್ತೀನಿ" ಎಂದಳು. "ಆದ್ರ ನಿನ್ನಿ ನಿನಗ ಗೊತ್ತಿತ್ತು. ನನ್ನ ಮನಸ್ಸಿಗೆ ನೋವಾಗಬಾರ್ದಂತ ಈ ಕೂಸಿನ್ನ ಕೊಲ್ಲಾಕ ಹೊಂಟಿದ್ದಿ ಏನೋ, ಅಣ್ಣಾ?"